ಓಟ ನಿಲ್ಲಿಸಿದರೆ ಮತ್ತೆ ಹಳೆಯ ನಾನೇ ಆಗಿಬಿಡ್ತೀನಾ?

ಪ್ರಶ್ನೆ: ನನಗೆ 31 ವರ್ಷ. ಕೆಲಸದ ಮೇಲೆ ಹೊರದೇಶಕ್ಕೆ ಬಂದು ಒಂದೂವರೆ ವರ್ಷವಾಯಿತು. ಒಬ್ಬಳೇ ಇದ್ದೇನೆ. ಬಂದ ಹೊಸತರಲ್ಲಿ ಹುಮ್ಮಸ್ಸಿತ್ತು, ಮೊದಲ ಚಳಿಗಾಲ ಬರುವಷ್ಟರಲ್ಲಿ ಕುಗ್ಗಿಹೋದೆ. ಮಧ್ಯಾಹ್ನ ಮೂರೂವರೆಗೇ ಕತ್ತಲು, ಆಫೀಸಿನಲ್ಲಿ ಬಾಯಿ ಬಿಡಲು ಹಿಂಜರಿಕೆ, ಶನಿವಾರ ಭಾನುವಾರ ಪೂರ್ತಿ ಹಾಸಿಗೆಯಲ್ಲೇ. ಹೊರಬೀಳಲು ಏನಾದರೊಂದು ನೆಪ ಬೇಕೆಂದು ಫೆಬ್ರವರಿಯಲ್ಲಿ ಓಡಲು ಶುರು ಮಾಡಿದೆ. ಶಾಲೆಯಲ್ಲಿ ಆಟದ ಪೀರಿಯಡ್ ತಪ್ಪಿಸಿಕೊಳ್ಳುತ್ತಿದ್ದವಳು ಒಂದು ವರ್ಷದಲ್ಲಿ ಹಾಫ್ ಮ್ಯಾರಥಾನ್ ಮುಗಿಸಿದೆ. ರಜೆ ಸಿಕ್ಕರೆ ಹೊಸ ಊರಿಗೆ ಹೋಗಿ ಅದನ್ನು ಓಡಿಯೇ ನೋಡುತ್ತೇನೆ. ಈಗ ಮೀಟಿಂಗಿನಲ್ಲಿ ಧೈರ್ಯವಾಗಿ ಮಾತಾಡುತ್ತೇನೆ.

ಹತ್ತು ವಾರಕ್ಕೆ ಮೊದಲ ಪೂರ್ಣ ಮ್ಯಾರಥಾನ್ ಇದೆ. ಮೂರು ವಾರದಿಂದ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ ಮೂಳೆಯ ಒಳಬದಿಯಲ್ಲಿ ನೋವು. ಮೊದಲು ಓಡುವಾಗ ಮಾತ್ರ ಇತ್ತು, ಈಗ ಮೆಟ್ಟಿಲಿಳಿಯುವಾಗಲೂ ಇದೆ. ಇಲ್ಲೇ ಎಂದು ಒಂದು ಬೆರಳಿಟ್ಟು ತೋರಿಸಬಲ್ಲೆ. ತೂಕ ಇಳಿದಿದೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಓಡುವವರಿಗೆ ಅದು ಸಹಜ ಎಂದು ಕ್ಲಬ್ಬಿನಲ್ಲಿ ಒಬ್ಬರು ಹೇಳಿದರು. ಅಕ್ಕ ಫೋನಿನಲ್ಲಿ, "ಮಂಡಿ ಹಾಳುಮಾಡ್ಕೋತೀಯ. ಅಲ್ಲಿ ಒಂಟಿಯಾಗಿರೋದನ್ನ ಮರೆಯೋಕೆ ಇದೆಲ್ಲ ಮಾಡ್ತಿದ್ದೀಯ, ವಾಪಸ್ ಬಂದ್ಬಿಡು" ಅನ್ನುತ್ತಾಳೆ. ನನ್ನ ಭಯ ಒಂದೇ. ಓಟ ನಿಲ್ಲಿಸಿದರೆ ಆ ಚಳಿಗಾಲದ ನಾನೇ ಮತ್ತೆ ಆಗಿಬಿಡ್ತೀನಾ?

ಉತ್ತರ: ನಿಮ್ಮ ಪ್ರಶ್ನೆ ಮನಸ್ಸಿನದು, ನನ್ನ ಉತ್ತರ ಕಾಲಿನಿಂದ ಶುರುವಾಗುತ್ತದೆ. ಓಟಗಾರರನ್ನೇ ದಿನವಿಡೀ ನೋಡುವ ವೈದ್ಯೆ ನಾನು. ನೀವು ಬಿಡಿಬಿಡಿಯಾಗಿ ಬರೆದ ಮೂರು ಸಂಗತಿಗಳನ್ನು, ಅಂದರೆ ಬೆರಳಿಟ್ಟು ತೋರಿಸಬಲ್ಲ ಮೂಳೆ ನೋವು, ಇಳಿದ ತೂಕ, ನಿಂತ ಮುಟ್ಟು, ನಾನು ಒಟ್ಟಿಗೇ ಓದಿಕೊಂಡೆ. ಇವು ಒಂದೇ ತೊಂದರೆಯ ಮೂರು ಮುಖಗಳಾಗಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ವೈದ್ಯರು ನೋಡುವವರೆಗೆ ಓಡಬೇಡಿ. ನಿಧಾನವಾಗಿಯೂ ಬೇಡ, ಟ್ರೆಡ್‌ಮಿಲ್ ಮೇಲೂ ಬೇಡ.

ಕಾಲಿನ ಈ ಜಾಗದ ನೋವಿಗೆ ಓಟಗಾರರು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ಸ್ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ಶಿನ್ ಸ್ಪ್ಲಿಂಟ್ಸ್‌ನಲ್ಲಿ ಮೂಳೆಯ ಒಳ ಅಂಚಿನ ಉದ್ದಕ್ಕೂ, ಐದು ಸೆಂಟಿಮೀಟರಿಗಿಂತ ಹೆಚ್ಚು ಜಾಗದಲ್ಲಿ, ಒತ್ತಿದಲ್ಲೆಲ್ಲ ನೋಯುತ್ತದೆ. ಮೈ ಬಿಸಿಯಾದ ಮೇಲೆ ಎಷ್ಟೋ ಸಲ ಕಡಿಮೆಯೂ ಆಗುತ್ತದೆ. ನಿಮ್ಮ ನೋವು ಒಂದೇ ಬಿಂದುವಿನಲ್ಲಿದೆ, ದಿನ ಕಳೆದಂತೆ ಹೆಚ್ಚುತ್ತಿದೆ, ಓಟ ದಾಟಿ ಮೆಟ್ಟಿಲವರೆಗೆ ಬಂದಿದೆ. ಇದು ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು, ಅಂದರೆ ಮತ್ತೆಮತ್ತೆ ಬೀಳುವ ಭಾರಕ್ಕೆ ಮೂಳೆಯಲ್ಲಿ ಬಿಡುವ ಕೂದಲೆಳೆಯ ಬಿರುಕು. ಪತ್ರ ಓದಿ ಖಚಿತವಾಗಿ ಹೇಳಲಾಗದು, ಪರೀಕ್ಷೆ ಆಗಲೇಬೇಕು. ಒಂಟಿ ಕಾಲಲ್ಲಿ ಕುಪ್ಪಳಿಸಿ ನೋಡಿದರೆ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದರೆ ಮನೆಯಲ್ಲಿ ಅದನ್ನು ಮಾಡಲು ಹೋಗಬೇಡಿ.

ಹೊರದೇಶದಲ್ಲಿ ಡಾಕ್ಟರ ಹತ್ತಿರ ಹೋಗುವುದು ತಲೆನೋವಿನ ಕೆಲಸ, ಗೊತ್ತು. ಎಷ್ಟೋ ದೇಶಗಳಲ್ಲಿ ತಜ್ಞರನ್ನು ನೇರವಾಗಿ ಕಾಣುವಂತಿಲ್ಲ, ಮೊದಲು ಕುಟುಂಬ ವೈದ್ಯರ ಬಳಿ ಹೋಗಬೇಕು. ಅವರ ಕೈಯಲ್ಲಿರುವುದು ಕೆಲವೇ ನಿಮಿಷ. ಕಾಲು ನೋವು ಎಂದಷ್ಟೇ ಹೇಳಿದರೆ ಎಕ್ಸ್‌ರೇ ಬರೆದುಕೊಟ್ಟು ಕಳಿಸಬಹುದು. ಇಂಥ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ, ಎಂ.ಆರ್.ಐ. ಬೇಕಾಗುತ್ತದೆ. ಆದ್ದರಿಂದ ಒಂದು ಚೀಟಿಯಲ್ಲಿ ನೋವು ಶುರುವಾದ ದಿನ, ಕಳೆದ ಮೂರು ತಿಂಗಳು ವಾರಕ್ಕೆಷ್ಟು ಓಡಿದಿರಿ, ತೂಕ ಎಷ್ಟಿತ್ತು ಎಷ್ಟಾಯಿತು, ಕೊನೆಯ ಮುಟ್ಟು ಯಾವಾಗ, ಇಷ್ಟನ್ನು ಬರೆದುಕೊಂಡು ಹೋಗಿ. ಮುಟ್ಟಿನ ವಿಷಯವನ್ನು ನೀವೇ ಎತ್ತಿ. ಕಾಲು ತೋರಿಸಲು ಬಂದವರನ್ನು ಎಲ್ಲ ವೈದ್ಯರೂ ಅದನ್ನು ಕೇಳುವುದಿಲ್ಲ. ಗರ್ಭಧಾರಣೆಯ ಪರೀಕ್ಷೆ, ಥೈರಾಯ್ಡ್ ಮತ್ತು ಇತರ ಹಾರ್ಮೋನುಗಳು, ವಿಟಮಿನ್ ಡಿ, ರಕ್ತದಲ್ಲಿನ ಕಬ್ಬಿಣಾಂಶ, ಇವುಗಳ ತಪಾಸಣೆ ಆ ಮಾತಿನಿಂದಲೇ ಶುರುವಾಗಬೇಕು.

ಕ್ಲಬ್ಬಿನವರ ಮಾತು ತಪ್ಪು. ಓಡುವವರಲ್ಲಿ ಮುಟ್ಟು ನಿಲ್ಲುವುದು ಅಪರೂಪವಲ್ಲ ಎಂಬುದು ನಿಜ, ಆದರೆ ಅದನ್ನು ಸಹಜ ಎನ್ನಲಾಗದು. ತಿನ್ನುವುದು ಖರ್ಚಿಗೆ ಸಾಲದಾದಾಗ ದೇಹ ತಕ್ಷಣಕ್ಕೆ ಬೇಡವಾದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ಕುಂದುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಅದರ ಬೆನ್ನಿಗೇ ಮೂಳೆ ಕಟ್ಟುವ ಕೆಲಸವೂ ನಿಧಾನವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ರೆಡ್-ಎಸ್, ಅಂದರೆ ಕ್ರೀಡೆಯಲ್ಲಿ ದೇಹಕ್ಕೆ ಬೀಳುವ ಶಕ್ತಿಯ ಕೊರತೆ, ಎಂದು ಹೆಸರಿಟ್ಟು, ಗಂಡಸರಿಗೂ ಇದು ಬರುತ್ತದೆ ಎಂದು ಸ್ಪಷ್ಟಪಡಿಸಿದರು. ಬೇಕೆಂದೇ ಉಪವಾಸ ಮಾಡಿದವರಿಗೆ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ನನ್ನ ಬಳಿ ಬರುವ ಅನೇಕರು ಡಯಟ್ ಮಾಡಿದವರೇ ಅಲ್ಲ. ಒಬ್ಬರಿಗೇ ಅಡುಗೆ ಮಾಡಿಕೊಳ್ಳಲು ಬೇಸರ, ಓಡಿ ಬಂದ ಮೇಲೆ ಹಸಿವಿಲ್ಲ, ಆಮೇಲೆ ಆಫೀಸಿನ ಗಡಿಬಿಡಿ. ಹೀಗೆ ದಿನಕ್ಕಿಷ್ಟು ಎಂದು ತಿಂಗಳುಗಟ್ಟಲೆ ಕೊರತೆ ಬಿದ್ದಿರುತ್ತದೆ. ಸುತ್ತಲಿನವರು ತೆಳ್ಳಗಾಗಿದ್ದೀ, ಚೆನ್ನಾಗಿ ಕಾಣ್ತೀಯ ಅನ್ನುತ್ತಿರುತ್ತಾರೆ.

ಇಲ್ಲೊಂದು ಎಚ್ಚರಿಕೆ. ಮುಟ್ಟು ಬರಲಿ ಎಂದು ಗರ್ಭನಿರೋಧಕ ಮಾತ್ರೆ ಬರೆದುಕೊಡುವ ವೈದ್ಯರಿದ್ದಾರೆ. ಮಾತ್ರೆಯಿಂದ ತಿಂಗಳಿಗೊಮ್ಮೆ ರಕ್ತಸ್ರಾವವೇನೋ ಆಗುತ್ತದೆ, ಆದರೆ ಮೂಳೆ ಸುಧಾರಿಸುವುದಿಲ್ಲ. ಮೇಲಾಗಿ ದೇಹ ಚೇತರಿಸಿಕೊಂಡಿತೇ ಎಂದು ತಿಳಿಯಲು ಇರುವ ಒಳ್ಳೆಯ ಗುರುತೇ ಮುಚ್ಚಿಹೋಗುತ್ತದೆ. ಊಟ ಹೆಚ್ಚಿಸಿ, ಓಟ ತಗ್ಗಿಸಿ ಮುಟ್ಟು ತಾನಾಗಿ ಮರಳುವಂತೆ ಮಾಡುವುದೇ ಮೊದಲ ಚಿಕಿತ್ಸೆ.

ಇನ್ನು, ಒಂದು ವರ್ಷ ಏನೂ ಆಗದ ಕಾಲು ಈಗೇಕೆ ಕೈಕೊಟ್ಟಿತು? ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಮೂಳೆ ಹಾಗಲ್ಲ. ಭಾರ ಬಿದ್ದ ಜಾಗದಲ್ಲಿ ಅದು ಮೊದಲು ಹಳೆಯ ಪದರವನ್ನು ಕರಗಿಸಿಕೊಂಡು ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಬೇಕು, ನಡುವೆ ಆ ಜಾಗ ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಹತ್ತದ ಕಾರಣ ಇನ್ನೂ ಓಡಬಲ್ಲೆ ಅನಿಸುತ್ತದೆ, ಮೂಳೆ ಮಾತ್ರ ಹಿಂದೆ ಬಿದ್ದಿರುತ್ತದೆ. ಮ್ಯಾರಥಾನ್ ತರಬೇತಿಯಲ್ಲಿ ವಾರಾಂತ್ಯದ ದೂರ ಏರತೊಡಗುವ ಹೊತ್ತಿಗೇ ಈ ನೋವುಗಳು ಕಾಣಿಸಿಕೊಳ್ಳುವುದು ಇದರಿಂದ.

ಓಡುವ ದೂರವನ್ನು ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸದಿದ್ದರೆ ಸಾಕು ಎಂಬ ಸೂತ್ರವನ್ನು ನೀವೂ ಪಾಲಿಸಿರಬಹುದು. ನೆದರ್ಲೆಂಡ್ಸ್‌ನ ಖ್ರೋನಿಂಗೆನ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದ್ದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೂತ್ರ ಪಾಲಿಸಿದವರಿಗೂ ಉಳಿದವರಿಗೂ ಗಾಯದ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು, ಐವರಲ್ಲಿ ಒಬ್ಬರಿಗೆ. ಕಿಲೋಮೀಟರಿನ ಲೆಕ್ಕದಲ್ಲಿ ನಿದ್ದೆ, ಊಟ, ನೆಲದ ಗಟ್ಟಿತನ ಯಾವುದೂ ಬರುವುದಿಲ್ಲವಲ್ಲ. ನಿಮ್ಮ ಪ್ರವಾಸಗಳ ಬಗ್ಗೆ ನನ್ನ ಅನುಮಾನವೂ ಇದೇ. ಹೊಸ ಊರಿಗೆ ಹೋದಾಗ ರಾತ್ರಿ ಪ್ರಯಾಣದಲ್ಲಿ ನಿದ್ದೆ ಅರ್ಧವಾಗಿರುತ್ತದೆ. ಬೆಳಿಗ್ಗೆ ಕಲ್ಲುಹಾಸಿನ ಬೀದಿಗಳಲ್ಲಿ ಓಡುತ್ತೀರಿ. ನದಿ ಕಂಡರೆ ಆ ಸೇತುವೆಯವರೆಗೆ ಹೋಗೋಣ ಅನಿಸುತ್ತದೆ, ಸೇತುವೆ ಬಂದ ಮೇಲೆ ಆಚೆ ದಡ ಕರೆಯುತ್ತದೆ. ಎಂಟು ಕಿಲೋಮೀಟರ್ ಎಂದು ಹೊರಟವರು ಹದಿನಾಲ್ಕು ಮುಗಿಸಿ, ಅದೇ ಕಾಲಲ್ಲಿ ದಿನವಿಡೀ ಊರು ಸುತ್ತುತ್ತೀರಿ. ವಾಚಿನಲ್ಲಿ ದಾಖಲಾಗುವುದು ಓಡಿದ್ದಷ್ಟೇ. ಓಡಿ ಊರು ನೋಡುವುದನ್ನು ಬಿಡಬೇಕಿಲ್ಲ, ಅದಕ್ಕಿಂತ ಚೆಂದದ ದಾರಿ ನನಗೂ ಗೊತ್ತಿಲ್ಲ. ಅಂಥ ದಿನಗಳ ಹಿಂದೆ ಮುಂದೆ ಬಿಡುವು ಇಟ್ಟುಕೊಳ್ಳಬೇಕು, ಅಷ್ಟೇ.

ಬಿಸಿಲಿನ ಲೆಕ್ಕವೂ ಇದೆ. ಅಮೆರಿಕದ ಬಾಸ್ಟನ್‌ನಲ್ಲಿ, ಅಂದರೆ 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲಿದ್ದರೂ ಚರ್ಮ ವಿಟಮಿನ್ ಡಿ ತಯಾರಿಸಲಾರದು ಎಂದು 1988ರಲ್ಲೇ ತೋರಿಸಿದ್ದಾರೆ. ಮೂರೂವರೆಗೆ ಕತ್ತಲಾಗುವ ನಿಮ್ಮ ಊರು ಇನ್ನೂ ಉತ್ತರಕ್ಕಿರಬೇಕು. ಕಂದು ಬಣ್ಣದ ಚರ್ಮಕ್ಕೆ ಬಿಸಿಲು ಇನ್ನಷ್ಟು ಬೇಕು. ನೀವು ಎರಡು ಚಳಿಗಾಲ ಕಳೆದಿದ್ದೀರಿ. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ.

ಮಂಡಿಯ ವಿಷಯದಲ್ಲಿ ಅಕ್ಕನಿಗೆ ಸಮಾಧಾನ ಹೇಳಬಹುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸೊಂಟ ಮತ್ತು ಮಂಡಿಯ ಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಕುಳಿತೇ ಇರುವವರಲ್ಲಿ ಶೇ. 10.2, ಸ್ಪರ್ಧೆಯ ಮಟ್ಟದ ಓಟಗಾರರಲ್ಲಿ ಶೇ. 13.3 ಇತ್ತು. ಮಂಡಿ ಗಟ್ಟಿಯಿದ್ದವರು ಓಟ ಮುಂದುವರಿಸಿರುತ್ತಾರೆ ಎಂಬುದೂ ಇದರಲ್ಲಿ ಸೇರಿದೆ, ನಿಜ. ಆದರೂ ಹವ್ಯಾಸದ ಓಟ ಮಂಡಿ ತಿನ್ನುತ್ತದೆ ಎನ್ನಲು ಆಧಾರವಿಲ್ಲ.

ಅಕ್ಕನ ಇನ್ನೊಂದು ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಬೇಸರ ಮರೆಯಲು ಓಡುವುದರಲ್ಲಿ ತಪ್ಪಿಲ್ಲ, ಎಲ್ಲರೂ ಸ್ವಲ್ಪ ಮಟ್ಟಿಗೆ ಅದನ್ನೇ ಮಾಡುತ್ತೇವೆ. ಆದರೆ ಮರೆಯುವುದರಲ್ಲೂ ಎರಡು ಬಗೆ ಇದೆ. ನಾರ್ವೆಯ ಸಂಶೋಧಕರು 2023ರಲ್ಲಿ ಹವ್ಯಾಸಿ ಓಟಗಾರರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಹೊಸ ಅನುಭವ, ಹಿಗ್ಗು ಹುಡುಕಿಕೊಂಡು ಓಟದಲ್ಲಿ ಮುಳುಗುತ್ತಿದ್ದರು, ಇನ್ನು ಕೆಲವರು ನೋಯಿಸುವ ಯೋಚನೆಗಳನ್ನು ಅದುಮಿಡಲು. ಎರಡನೆಯವರಲ್ಲಿ ಓಟದ ಚಟದ ಲಕ್ಷಣ ಹೆಚ್ಚಿತ್ತು, ಬದುಕಿನ ನೆಮ್ಮದಿ ಕಡಿಮೆಯಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಆ ಅಧ್ಯಯನದಿಂದ ಹೇಳಲಾಗದು. ಒಬ್ಬರಲ್ಲೇ ಎರಡೂ ಇರುತ್ತವೆ, ಬೆಳಿಗ್ಗೆ ಒಂದು, ಸಂಜೆ ಇನ್ನೊಂದು.

ನಾನು ಕೇಳುವ ಪ್ರಶ್ನೆ ಸಾದಾ. ಓಡದ ದಿನ ನೀವು ಹೇಗಿರುತ್ತೀರಿ? ಚಡಪಡಿಕೆ, ಕಾಲು ಕುಣಿಯುವುದು, ಸ್ವಲ್ಪ ಸಿಡುಕು, ಇದೆಲ್ಲ ಯಾರಿಗಾದರೂ ಆಗುತ್ತದೆ. ತಪ್ಪು ಮಾಡಿದಂತೆ ಅನಿಸುತ್ತದೆಯೇ? ಓಡದ ದಿನ ಊಟ ಕಡಿಮೆ ಮಾಡುತ್ತೀರಾ? ಗೆಳೆಯರು ಕರೆದರೂ ಓಟ ತಪ್ಪುತ್ತದೆಂದು ಹೋಗುವುದಿಲ್ಲವೇ? ನೋವಿದ್ದೂ ಯಾರಿಗೂ ಹೇಳದೆ ಓಡಿದ್ದೀರಾ? ಇವುಗಳಲ್ಲಿ ಎರಡಕ್ಕೆ ಹೌದೆಂದರೂ ಕಾಲಿನ ವೈದ್ಯರ ಜೊತೆಗೆ ಒಬ್ಬ ಆಪ್ತಸಮಾಲೋಚಕರನ್ನೂ ಕಾಣಿ. ನಮ್ಮ ಭಾಷೆಯಲ್ಲೇ ಮಾತಾಡಬೇಕೆನಿಸಿದರೆ ವಿಡಿಯೊ ಕರೆಯಲ್ಲಿ ಸಿಗುವವರಿದ್ದಾರೆ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ನಿಮ್ಮಲ್ಲಾದ ಬದಲಾವಣೆಯ ಪೂರ್ತಿ ಶ್ರೇಯಸ್ಸನ್ನು ನೀವು ಓಟಕ್ಕೆ ಕೊಟ್ಟಿದ್ದೀರಿ. ಲೆಕ್ಕ ಬಿಡಿಸಿ ನೋಡಿದರೆ ಅಷ್ಟು ಅದಕ್ಕೆ ಸಲ್ಲುವುದಿಲ್ಲ.

ಓಡಿದ ಮೇಲಿನ ಆ ಖುಷಿ ದೇಹದ್ದೇ ನೋವುನಿವಾರಕವಾದ ಎಂಡಾರ್ಫಿನ್‌ನಿಂದ ಎಂದು ಎಲ್ಲರೂ ಹೇಳುತ್ತಾರೆ. ರಕ್ತದಲ್ಲಿ ಏರುವ ಎಂಡಾರ್ಫಿನ್ ಸುಲಭವಾಗಿ ಮೆದುಳಿನೊಳಕ್ಕೆ ದಾಟುವುದಿಲ್ಲ. ಜರ್ಮನಿಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಂಡಾರ್ಫಿನ್ ಕೆಲಸ ಮಾಡದಂತೆ ಔಷಧಿ ಕೊಟ್ಟ ಮೇಲೂ ಓಡಿದವರಿಗೆ ಖುಷಿ ಸಿಕ್ಕಿತು. ದೇಹವೇ ತಯಾರಿಸುವ, ಗಾಂಜಾದ ಅಂಶವನ್ನು ಹೋಲುವ ಎಂಡೊಕ್ಯಾನಬಿನಾಯ್ಡ್‌ಗಳ ಪಾತ್ರ ದೊಡ್ಡದಿರಬೇಕು ಎಂಬುದು ಈಗಿನ ತಿಳಿವಳಿಕೆ. ಯಾವುದೇ ಆಗಲಿ, ಅದು ಕೆಲವು ಗಂಟೆಗಳ ಮಾತು. ಮಂಗಳವಾರದ ಮೀಟಿಂಗಿನಲ್ಲಿ ನೀವು ಬಾಯಿ ಬಿಟ್ಟದ್ದಕ್ಕೆ ಭಾನುವಾರದ ಓಟದ ರಸಾಯನ ಕಾರಣವಲ್ಲ.

ನೀವು ಓಡಲು ಶುರು ಮಾಡಿದ್ದು ಫೆಬ್ರವರಿಯಲ್ಲಿ. ಅಲ್ಲಿಂದ ಮುಂದೆ ಹಗಲು ದಿನದಿನಕ್ಕೂ ಉದ್ದವಾಗುತ್ತಿತ್ತು. ಆಫೀಸಿನ ಮಾತಿನ ಧಾಟಿ ಕಿವಿಗೆ ಹತ್ತುತ್ತಿತ್ತು. ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಮೇಲಿದ್ದು, ಮಧ್ಯೆ ಇಳಿದು, ಮತ್ತೆ ಏರುತ್ತದೆ ಎಂಬ ಪ್ರಸಿದ್ಧ ವಕ್ರರೇಖೆಯೊಂದಿದೆ. 1955ರಲ್ಲಿ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು ಮಾತಾಡಿಸಿ ಬರೆದದ್ದು. ಆಮೇಲಿನ ಅಧ್ಯಯನಗಳಲ್ಲಿ ಆ ರೇಖೆ ಎಲ್ಲರಿಗೂ ಹೊಂದಲಿಲ್ಲ, ಬಂದ ಆರಂಭದಲ್ಲೇ ಅತಿ ಹೆಚ್ಚು ಕಷ್ಟಪಟ್ಟವರು ಬೇಕಾದಷ್ಟು ಜನ ಸಿಕ್ಕರು. ಆದರೂ ಕಾಲ ಕಳೆದಂತೆ ಒಗ್ಗಿಕೊಳ್ಳುವುದು ಇದ್ದದ್ದೇ, ಓಡಲಿ ಬಿಡಲಿ.

ಸ್ವಭಾವ ನಿಜಕ್ಕೂ ಬದಲಾಗುತ್ತದೆಯೇ? ಸ್ವಲ್ಪ ಆಗುತ್ತದೆ. ಹೊರದೇಶಕ್ಕೆ ಓದಲು ಹೋದ ಜರ್ಮನ್ ವಿದ್ಯಾರ್ಥಿಗಳನ್ನು ಊರಲ್ಲೇ ಉಳಿದವರ ಜೊತೆ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೋದವರ ಮನಸ್ಸು ಹೊಸದಕ್ಕೆ ಹೆಚ್ಚು ತೆರೆದುಕೊಂಡಿತ್ತು, ಕಳವಳ ತಗ್ಗಿತ್ತು. ಈ ಬದಲಾವಣೆಯ ಹಿಂದೆ ಎದ್ದು ಕಂಡ ಕಾರಣವೆಂದರೆ ಅಲ್ಲಿ ಬೆಳೆದ ಹೊಸ ಸ್ನೇಹಗಳು. 2018ರ ಇನ್ನೊಂದು ಅಧ್ಯಯನ ಹೊರದೇಶದ ವಾಸದಿಂದ ನಾನು ಯಾರು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ ಎಂದು ಕಂಡುಕೊಂಡಿತು. ಎಷ್ಟು ದೇಶ ನೋಡಿದ್ದೀರಿ ಎಂಬುದಕ್ಕಿಂತ ಎಷ್ಟು ಕಾಲ ಬಾಳಿದ್ದೀರಿ ಎಂಬುದಕ್ಕೆ ಅಲ್ಲಿ ಬೆಲೆ. ಮನೆಯಿಂದ ತಂದ ಅಭ್ಯಾಸಗಳಲ್ಲಿ ಯಾವುದು ನಿಜಕ್ಕೂ ನನ್ನದು, ಯಾವುದು ಎಲ್ಲರೂ ಮಾಡುತ್ತಾರೆಂದು ನಾನೂ ಮಾಡಿದ್ದು ಎಂದು ಬೇರೆ ನೆಲದಲ್ಲಿ ನಿಂತಾಗ ಯೋಚಿಸಲೇಬೇಕಾಗುತ್ತದೆಯಲ್ಲ.

ಹಾಗಾದರೆ ಓಟ ಏನು ಕೊಟ್ಟಿತು? ಕೊಟ್ಟಿದ್ದು ಬಹಳ. ಏಳಲೊಂದು ಹೊತ್ತು ಕೊಟ್ಟಿತು. ಮೈಗೆ ಹಗಲಿನ ಬೆಳಕು ತಾಗಿಸಿತು. ನಕ್ಷೆಯಾಗಿದ್ದ ಊರನ್ನು ಪರಿಚಯದ ಊರು ಮಾಡಿತು. ಯಾವ ತಿರುವಿನಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತದೆ, ಯಾವ ಮನೆಯ ನಾಯಿ ಬೇಲಿಯವರೆಗೆ ಬಂದು ನಿಲ್ಲುತ್ತದೆ ಎಂದು ಈಗ ನಿಮಗೆ ಗೊತ್ತಿದೆ. ಕ್ಲಬ್ಬಿನಲ್ಲಿ ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಕ್ಕರು. ಕಷ್ಟವಾದದ್ದನ್ನು ವಾರವಾರ ಮಾಡಿ ಮುಗಿಸಿದ ನೆನಪು ಸೇರಿಕೊಂಡಿತು, ಆ ನೆನಪು ಬಿರುಕು ಬಿಟ್ಟ ಮೂಳೆಯಿಂದ ಅಳಿಯುವುದಿಲ್ಲ. ಇಷ್ಟರಲ್ಲಿ ಕಾಲಿಗೆ ಭಾರ ಬೀಳುವ ಭಾಗ ಒಂದೇ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಉಳಿಸಿಕೊಳ್ಳುವುದೇ ಮುಂದಿನ ತಿಂಗಳುಗಳ ಕೆಲಸ. ಎಲ್ಲವನ್ನೂ ಒಟ್ಟಿಗೆ ಕೈಬಿಟ್ಟು ಮತ್ತೆ ಹಾಸಿಗೆ ಸೇರಿದರೆ ನೀವು ಹೆದರಿದಂತೆಯೇ ಆಗಬಹುದು, ಆ ಅಪಾಯ ಇಲ್ಲವೆಂದು ನಾನು ಹೇಳಲಾರೆ.

ದಾರಿಗಳೇನು ನೋಡೋಣ. ನೋವುನಿವಾರಕ ನುಂಗಿ ಹತ್ತು ವಾರ ತಳ್ಳುವುದು ಒಂದು, ಹೆಚ್ಚಿನವರು ಮೊದಲು ಯೋಚಿಸುವುದೂ ಇದನ್ನೇ. ಮಾತ್ರೆ ನೋವಿನ ಎಚ್ಚರಿಕೆಯನ್ನು ಅಡಗಿಸುತ್ತದೆ, ದೂರದ ಓಟದಲ್ಲಿ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಬಿರುಕು ಪೂರ್ತಿ ಮುರಿತವಾದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಊರುಗೋಲು, ಅದೂ ಒಬ್ಬರೇ ಇರುವ ಮನೆಯಲ್ಲಿ. ಇದನ್ನು ಒಂದು ಆಯ್ಕೆ ಎಂದು ನಾನು ಪರಿಗಣಿಸುವುದೇ ಇಲ್ಲ.

ಓಟ ನಿಲ್ಲಿಸಿ ಈಜು, ಸೈಕಲ್, ಆಳದ ನೀರಿನಲ್ಲಿ ತೇಲುವ ಪಟ್ಟಿ ಕಟ್ಟಿಕೊಂಡು ಓಡುವುದು, ಇವುಗಳಿಗೆ ಬದಲಾಗುವುದು ಎರಡನೆಯದು. ನೀರಿನ ಓಟದಿಂದ ನಾಲ್ಕಾರು ವಾರ ದಮ್ಮು ಹೆಚ್ಚು ಕುಂದದಂತೆ ನೋಡಿಕೊಳ್ಳಬಹುದು. ಆದರೆ ನಿಮ್ಮಂಥವರಲ್ಲಿ ಇದಕ್ಕೊಂದು ಬಲೆಯಿದೆ. ಓಟದಷ್ಟೇ ಹೊತ್ತು, ಓಟದಷ್ಟೇ ಹಟದಿಂದ ಸೈಕಲ್ ತುಳಿದರೆ ದೇಹದ ಕೊರತೆ ತುಂಬುವುದಿಲ್ಲ, ಮುಟ್ಟು ಮರಳುವುದಿಲ್ಲ, ಮೂಳೆಯೂ ತಡವಾಗುತ್ತದೆ. ಹಾಗಾಗಿ ಮೊದಲ ಕೆಲವು ವಾರ ಮೈ ಚಲಿಸಿದರೆ ಸಾಕು ಎಂಬಷ್ಟೇ ಇರಲಿ. ಕ್ರೀಡಾ ಆಹಾರತಜ್ಞರೊಬ್ಬರು ಜೊತೆಗಿದ್ದರೆ ಉತ್ತಮ. ತೂಕ ತುಸು ಏರುತ್ತದೆ, ಏರಬೇಕು. ಕೆಲವರಿಗೆ ಅದನ್ನು ಒಪ್ಪಿಕೊಳ್ಳುವುದು ಓಟ ನಿಲ್ಲಿಸುವುದಕ್ಕಿಂತ ಕಷ್ಟ.

ಹತ್ತು ವಾರದ ಮ್ಯಾರಥಾನ್ ಬಿಟ್ಟುಬಿಡಿ. ಮೂಳೆಯ ಒಳ ಅಂಚಿನ ಬಿರುಕಾದರೆ, ಅದರ ಮಟ್ಟ ನೋಡಿಕೊಂಡು, ಮತ್ತೆ ಮೆಲ್ಲಗೆ ಓಡತೊಡಗಲು ಆರರಿಂದ ಹನ್ನೆರಡು ವಾರ ಬೇಕು. ಮುಂಭಾಗದ ಅಂಚಿನದಾದರೆ ಇನ್ನೂ ತಿಂಗಳುಗಳು. ಸಂಘಟಕರಿಗೆ ಈಗಲೇ ಬರೆಯಿರಿ. ವೈದ್ಯರ ಪತ್ರವಿದ್ದರೆ ಹೆಸರನ್ನು ಮುಂದಿನ ವರ್ಷಕ್ಕೆ ವರ್ಗಾಯಿಸುವ ಸ್ಪರ್ಧೆಗಳಿವೆ, ಆದರೆ ಅದಕ್ಕೆ ಕೊನೆಯ ದಿನಾಂಕವಿರುತ್ತದೆ.

ವಾಪಸ್ ಹೋಗುವ ನಿರ್ಧಾರವನ್ನು ಈ ಗಾಯದ ವಾರಗಳಲ್ಲಿ ಮಾಡಬೇಡಿ. ಹೋಗುವುದೇ ತಪ್ಪು ಎಂದಲ್ಲ. ಕಾಲು ನೋಯುತ್ತಾ, ಹೊಟ್ಟೆಗೆ ಸಾಲದೆ ಇರುವ ದೇಹ ಎಲ್ಲವನ್ನೂ ಕಪ್ಪಾಗಿಯೇ ತೋರಿಸುತ್ತದೆ. ಎರಡು ವಾರ ರಜೆ ಹಾಕಿ ಮನೆಗೆ ಹೋಗಿ ಬರುವುದು ಬೇರೆ, ಅದು ಒಳ್ಳೆಯದೇ.

ಕ್ಲಬ್ಬಿಗೆ ಹೋಗುವುದನ್ನು ನಿಲ್ಲಿಸಬೇಡಿ. ಈಗ ಅನೇಕ ದೇಶಗಳಲ್ಲಿ ಶನಿವಾರ ಬೆಳಿಗ್ಗೆ ಉಚಿತವಾಗಿ ನಡೆಯುವ ಪಾರ್ಕ್‌ರನ್ ಶುರುವಾದದ್ದೇ ಹೀಗೆ. ದಕ್ಷಿಣ ಆಫ್ರಿಕಾದಲ್ಲಿ ಬೆಳೆದು ಬ್ರಿಟನ್ನಿಗೆ ಬಂದು ನೆಲೆಸಿದ್ದ ಪಾಲ್ ಸಿಂಟನ್-ಹ್ಯೂಯಿಟ್ ಗಾಯವಾಗಿ ಓಡಲಾಗದೆ ಕುಳಿತಿದ್ದರು, ಗೆಳೆಯರ ಸಂಪರ್ಕ ತಪ್ಪಬಾರದೆಂದು 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 5 ಕಿಲೋಮೀಟರ್ ಓಟ ಏರ್ಪಡಿಸಿದರು. ಓಡಿದವರು 13 ಜನ. ಅವರು ಓಡಲಿಲ್ಲ, ಓಟ ನಡೆಸಿದರು. ನಿಮ್ಮ ಊರಿನಲ್ಲಿ ಅಂಥದ್ದಿದ್ದರೆ ಸಮಯ ಬರೆದುಕೊಳ್ಳುವ, ಟೋಕನ್ ಹಂಚುವ ಕೆಲಸಕ್ಕೆ ಹೆಸರು ಕೊಡಿ. ಓಡುವವರ ಜೊತೆ ಮಾತಿಗೆ ಉಸಿರಿರುವುದಿಲ್ಲ, ಕೋನ್ ಎತ್ತಿಡುವವರ ಜೊತೆ ಬೇಕಾದಷ್ಟು ಮಾತಾಡಬಹುದು. ಉಳಿದ ದಿನ ಓಟದ ಹೊತ್ತಿಗೇ ಎದ್ದು ಹೊರಗೆ ಹೋಗಿ. ನಡೆದರೆ ನೋವಿಲ್ಲ ಎಂದಾದರೆ ಅದೇ ದಾರಿಯಲ್ಲಿ ನಡೆಯಿರಿ, ನೋವಿದ್ದರೆ ಬೆಂಚಿನವರೆಗೆ ಸಾಕು.

ಮರಳಿ ಓಡುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ. ಒತ್ತಿದರೆ ನೋವಿರಬಾರದು, ಅರ್ಧ ಗಂಟೆ ಚುರುಕಾಗಿ ನಡೆದರೂ ಮರುದಿನ ಏನೂ ಅನಿಸಬಾರದು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಮುಟ್ಟು ಮರಳುವ ಮುನ್ನ ದೂರದ ಓಟಕ್ಕೆ ನಾನು ಒಪ್ಪಿಗೆ ಕೊಡುವುದಿಲ್ಲ.

ಎಂ.ಆರ್.ಐ. ಆದ ಮೇಲೆ ಮತ್ತೆ ಬರೆಯಿರಿ. ವರದಿಯಲ್ಲಿ ಬಿರುಕು ಮೂಳೆಯ ಯಾವ ಅಂಚಿನಲ್ಲಿದೆ, ಒಂದರಿಂದ ನಾಲ್ಕರಲ್ಲಿ ಯಾವ ಗ್ರೇಡ್ ಎಂದು ನಮೂದಿಸಿರುತ್ತಾರೆ. ಆ ಎರಡು ವಿವರ, ರಕ್ತಪರೀಕ್ಷೆಯ ಫಲಿತಾಂಶ, ಜೊತೆಗೆ ಒಂದು ವಾರ ಏನೇನು ತಿಂದಿರಿ ಎಂಬುದನ್ನು ಕದ್ದುಮುಚ್ಚದೆ ಬರೆದಿಟ್ಟ ಪಟ್ಟಿ ಕಳಿಸಿದರೆ ಮುಂದಿನದನ್ನು ಹೆಚ್ಚು ನಿಖರವಾಗಿ ಹೇಳಬಲ್ಲೆ.